ದಮ್ಮು ಉಳಿಸಿದ ಬೇಸಿಗೆ

ಪರೀಕ್ಷೆ ಹತ್ತಿರ ಬಂತು, ಮ್ಯೂಸಿಕ್ ಇರಲಿ, ಸ್ಪೋರ್ಟ್ಸ್ ಬಿಡಿಸೋಣ ಎನ್ನುವ ತಾಯಂದಿರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಪ್ಯಾನಿಕ್ ಆಗುತ್ತದೆ. ನಮ್ಮ ಕಾನ್ವೆಂಟಿನಲ್ಲಿ ಬೆಳಿಗ್ಗೆ ಡ್ರಿಲ್, ಸಂಜೆ ಕಾಯರ್ ಹಾಡು. ಎರಡರಲ್ಲಿ ಯಾವುದು ಬೇಕು ಎಂದು ಯಾವ ಸಿಸ್ಟರೂ ಕೇಳಿದ್ದಿಲ್ಲ. ಆ ಪ್ರಶ್ನೆ ಎದ್ದದ್ದು ನಮ್ಮ ಮನೆಯಲ್ಲಿ, ನಲವತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ. ನನಗಾಗ ಹದಿಮೂರು.

ಬಬಲೇಶ್ವರದಲ್ಲಿದ್ದ ಮುತ್ಯಾ, ಅಪ್ಪನ ಅಪ್ಪ, ನನಗೆ ವರ ನೋಡತೊಡಗಿದ್ದರು. ಇನ್ನೆರಡು ವರ್ಷ ಕಾನ್ವೆಂಟಿನ ಬೋರ್ಡಿಂಗಿಗೆ ಕಳಿಸಿ ಎಂದು ಅವ್ವ ಬೇಡಿಕೊಂಡಾಗ ಷರತ್ತು ಹಾಕಿದರು: ರಜೆ ಮುಗಿಯುವುದರೊಳಗೆ ಹುಡುಗಿ ತಮ್ಮ ಎದುರು ಕೂತು, ಸಾಲಿನ ನಡುವೆ ಉಸಿರು ಹರಿದು ದನಿ ನಿಲ್ಲದಂತೆ ಒಂದು ವಚನ ಹಾಡಲಿ. ಹಾಡಿದರೆ ಸಾಲಿಗೆ ವಾಪಸು, ಇಲ್ಲದಿದ್ದರೆ ಮದುವೆ.

ತಿಕೋಟಾದ ಹಾಡಿನ ಮಾಸ್ತರರು ದಿನ ಬಿಟ್ಟು ದಿನ ವಿಜಾಪುರಕ್ಕೆ, ಸ್ಟೇಷನ್ ರಸ್ತೆಯ ನಮ್ಮ ಮನೆಗೆ ಬರುತ್ತಿದ್ದರು. ನಾನು ಹಿತ್ತಲಲ್ಲಿ ನೆರೆಮನೆಯ ಹುಡುಗಿಯರ ಜೊತೆ ಹುತುತು, ಅಂದರೆ ಉಸಿರು ಬಿಗಿಹಿಡಿದು ಆಡುವ ಕಬಡ್ಡಿ, ಆಡಿ, ಹಣೆಯ ಬೆವರು ಒರೆಸಿಕೊಂಡು ಬಂದು ಕೂಡುತ್ತಿದ್ದೆ. ಷಡ್ಜ ಹಿಡಿದರೆ ಅವರು ಬೆರಳು ಮಡಿಸುತ್ತ ಹೋಗುವರು. ಎರಡೂ ಕೈಯ ಬೆರಳು ಮುಗಿದರೂ ನನ್ನ ದನಿ ನಿಲ್ಲುತ್ತಿರಲಿಲ್ಲ. ಅವರು ಕಲಿಸಿದ ಹಾಗೆ ಹೊಟ್ಟೆಯಲ್ಲಿ ಉಸಿರು ಕಟ್ಟಿದ್ದರಿಂದ, ಎದುರು ತಂಡದವರನ್ನು ಮುಟ್ಟಿ ಗೆರೆಗೆ ವಾಪಸು ಬರುವುದೂ ಸುಲಭವಾಗಿತ್ತು.

ಅವ್ವನಿಗೆ ಇದು ಹೊಳೆಯಲಿಲ್ಲ.

"ದಮ್ಮು ಅನ್ನೂದು ಗಡಿಗ್ಯಾಗಿನ ನೀರಿದ್ದಂಗ ಬೇ. ಹಿತ್ತಲದಾಗ ಚೆಲ್ಲಿ ಬಂದ್ರ ಮುತ್ಯಾನ ಮುಂದ ಏನ್ ಸುರುವತಿ?" ಎಂದು ಆಟ ಬಿಡಿಸಿದಳು.

ಶುಂಠಿ ಹಾಲು ಕುಡಿಸಿ, ಕೋಣೆಯಲ್ಲಿ ಕೂಡಿಸಿದಳು. ಎರಡು ವಾರದಲ್ಲಿ ಮಾಸ್ತರರ ಎಣಿಕೆ ಏಳು ಬೆರಳಿಗೆ ಇಳಿಯಿತು. ಬಿಸಿಲಿನ ಝಳ ಎಂದರು ಅವರು. ಅವ್ವ ಹೆದರಿ ಬಾವಿಯ ನೀರು ಸೇದುವುದನ್ನೂ ಬಿಡಿಸಿದಳು. ಎಣಿಕೆ ಒಂದೇ ಕೈಗೆ ಬಂತು. ಒಂದು ಸಂಜೆಯಾದರೂ ಆಡಲು ಬಿಡು ಎಂದು ಅತ್ತರೆ ಅವಳೂ ಅತ್ತಳು. ನಿನ್ನ ಸಾಲಿ ಉಳಿಸಾಕ ಒದ್ದಾಡಾಕತ್ತೇನಿ ಎಂದಳು. ಆ ಹೆಲ್ಪ್‌ಲೆಸ್‌ನೆಸ್ ಯಾರದು ಹೆಚ್ಚೋ ನನಗೆ ಇವತ್ತಿಗೂ ತಿಳಿಯದು.

ಬಬಲೇಶ್ವರದ ಪಡಸಾಲೆಯಲ್ಲಿ ಎರಡನೆಯ ಸಾಲಿಗೇ ಉಸಿರು ಹರಿಯಿತು. ಮತ್ತೆ ಮೊದಲಿನಿಂದ ಹಿಡಿದೆ. ಅಲ್ಲೇ ಹರಿಯಿತು. ಮೂರನೆಯ ಸಲ ದನಿಯೇ ಏಳಲಿಲ್ಲ.

"ಸಾಕ ಬಿಡ ಯವ್ವಾ," ಎಂದರು ಮುತ್ಯಾ, ಸಿಟ್ಟಿಲ್ಲದೆ. "ಎದ್ಯಾಗ ಕಸುವಿಲ್ಲದ ಕೂಸಿಗೆ ಯಾಕ ಇಷ್ಟ ತ್ರಾಸು."

ಬಾಗಿಲ ಮರೆಯಲ್ಲಿದ್ದ ಅವ್ವ, ತಿಂಗಳಿಡೀ ಹಿತ್ತಲಕ್ಕೆ ಕಾಲಿಡಗೊಟ್ಟಿಲ್ಲ, ಇಷ್ಟು ಜತನ ಮಾಡಿಯೂ ಹೀಗಾಯಿತಲ್ಲ ಎಂದು ನಮ್ಮ ಜೊತೆ ಬಂದಿದ್ದ ಮಾಸ್ತರರ ಹತ್ತಿರ ಹಲುಬಿದಳು. ಅವರ ಮುಖ ಬಿಳಿಚಿತು.

"ಆಟ ಬಿಡಿಸಿದ್ರೇನ್ರಿ ಅಕ್ಕಾರ? ಹಾಡಿನ ದಮ್ಮೂ ಆಟದಾಗ ಬೆಳೀತಿತ್ತಲ್ರಿ."

ಅವರು ಮುತ್ಯಾನ ಮುಂದೆ ನಿಂತು ಇನ್ನೊಂದು ತಿಂಗಳು ಬೇಡಿದರು, ಆಟವನ್ನೂ ಬೇಡಿದರು. ಹುತುತು ಆಡಿದ ಸೊಸೆ ಬೇಕಂತ ಯಾವ ಬೀಗರು ಕೇಳ್ಯಾರ್ರಿ ಮಾಸ್ತರ ಎಂದು ಮುತ್ಯಾ ಅಂದಾಗ ಪಡಸಾಲೆ ನಕ್ಕಿತು.

ಕಾನ್ವೆಂಟು ಜೂನಿನಲ್ಲಿ ನಾನಿಲ್ಲದೆ ತೆರೆಯಿತು. ಶ್ರಾವಣದಲ್ಲಿ ನನ್ನ ಮೇಲೆ ಮದುವೆಯ ಅಕ್ಕಿಕಾಳು ಬಿದ್ದವು. ಗಂಡನ ಮನೆಗೆ ಕಳಿಸುವಾಗ ಅವ್ವ ಸೆರಗು ಸರಿಪಡಿಸುವವಳಂತೆ ಕಿವಿಯ ಹತ್ತಿರ ಬಾಗಿದಳು.

"ಅವರ ಮನಿ ಹಿಂದ ಬಯಲೈತಂತ. ಯಾರೂ ಇಲ್ಲದಾಗ ಒಂದೀಟು ಓಡ್ಬೇ."