ಪಿಕಪ್ಪಿನ ಹಿಂಬದಿ ಗಾಜಿನ ದೊರೆ

ನನ್ನ ಜೀವಮಾನದಲ್ಲಿ ಇಬ್ಬರು ರಾಜರಿಗೆ ತಲೆಬಾಗಿದ್ದೇನೆ. ಇಬ್ಬರಿಗೂ ಅದು ಗೊತ್ತಿಲ್ಲ. ಮೊದಲನೆಯವರು ಮೈಸೂರಿನವರು, ನಾನು ಬಾಗುವ ಹೊತ್ತಿಗೆ ಅವರಿಗೆ ರಾಜ್ಯವೇ ಇರಲಿಲ್ಲ. ಎರಡನೆಯವರು ಒಮಾನಿನ ಸುಲ್ತಾನರು. ಅವರಿಗೆ ರಾಜ್ಯವಿತ್ತು, ನಾನು ಅವರ ಪ್ರಜೆಯಾಗಿರಲಿಲ್ಲ. ಹೀಗೆ ಒಬ್ಬರು ರಾಜರೇ ಅಲ್ಲ, ಇನ್ನೊಬ್ಬರು ನನ್ನ ರಾಜರಲ್ಲ. ಆದರೂ ಬಾಗಿದೆ. ಅದರಿಂದ ನನ್ನ ಬೆನ್ನಿಗೇನೂ ನೋವಾಗಲಿಲ್ಲ. ಪೆಟ್ಟು ಬಿದ್ದದ್ದು ಉಡುಪಿಯ ಒಬ್ಬ ಮನುಷ್ಯನಿಗೆ. ಅದನ್ನು ಹೇಳಿಬಿಡೋಣವೆಂದು ಕೂತಿದ್ದೇನೆ.

ಬಾಗುವ ವಿದ್ಯೆ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಅರಮನೆಯ ದೀಪಗಳ ಬಲ್ಬು ಬದಲಿಸುವ ಕೆಲಸದಲ್ಲಿದ್ದರು. ಮಹಾರಾಜರನ್ನು ಹತ್ತಿರದಿಂದ ನೋಡಿದ್ದೇ ಇಲ್ಲ, ಏಣಿಯ ಮೇಲಿಂದ ಅವರ ಪೇಟದ ತುದಿ ಕಂಡಿದ್ದರಷ್ಟೆ. ಆದರೂ ಮನೆಯಲ್ಲಿ ಅವರ ಸುದ್ದಿ ಬಂದರೆ ಧ್ವನಿ ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದರು. ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಂತುಹೋಯಿತೆಂದು ರೇಡಿಯೋದಲ್ಲಿ ಬಂದ ದಿನ ಅಪ್ಪ ಗಡ್ಡ ಹೆರೆದುಕೊಳ್ಳಲಿಲ್ಲ. ನಾನು ಆಗ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕೆಲಸ ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ನಿಂತುಹೋಗುವಂಥ ಧನ ಯಾವುದೂ ಇರಲಿಲ್ಲ. ಆದರೂ ಅಪ್ಪನ ಜೊತೆ ನಾನೂ ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ಬಾಗು ಎಂದು ಯಾರೂ ಹೇಳುವ ಮೊದಲೇ ಬಾಗುವುದು ಹೇಗೆಂದು ಅಲ್ಲಿ ಕಲಿತೆ.

ಆ ಕಲಿಕೆ ಒಮಾನಿನ ಇಬ್ರಾ ಎಂಬ ಊರಿನಲ್ಲಿ ಉಪಯೋಗಕ್ಕೆ ಬಂತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಟ್ಟಡ ಸಾಮಾನಿನ ಅಂಗಡಿಯೊಂದರಲ್ಲಿ ನಾನು ಸ್ಟೋರ್ ಕೀಪರ್. ಸಿಮೆಂಟು, ಬಣ್ಣ, ನಲ್ಲಿ, ಮೊಳೆ. ಕೌಂಟರಿನಲ್ಲಿ ಉಡುಪಿ ಕಡೆಯ ಒಬ್ಬ ಕ್ರಿಶ್ಚಿಯನ್ನರ ಹುಡುಗ. ಹುಡುಗ ಎಂದರೆ ನನಗಿಂತ ಚಿಕ್ಕವನು ಎಂದಷ್ಟೇ. ಅವನಿಗೆ ಮದುವೆಯಾಗಿ ಒಂದು ಮಗುವಿತ್ತು. ಮನೆಗೆ ಫೋನು ಮಾಡಿದಾಗ ಹೆಂಡತಿಯ ಜೊತೆ ಕೊಂಕಣಿ, ನನ್ನ ಜೊತೆ ಕನ್ನಡ, ಗಿರಾಕಿಗಳ ಜೊತೆ ಹಿಂದಿ ಮತ್ತು ಅರಬ್ಬಿಯ ಚೂರುಪಾರು. ಅಂಗಡಿಯ ಮೇಲಿನ ಕೋಣೆಯಲ್ಲಿ ನಾವಿಬ್ಬರೂ ಒಟ್ಟಿಗೆ ಇದ್ದೆವು. ಅವನು ಮೀನು ಹುರಿಯುವಾಗ ನಾನು ಕಿಟಕಿ ತೆರೆಯುತ್ತಿದ್ದೆ. ನನ್ನ ಹುಳಿಯನ್ನು ಅವನು ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದ.

ಆ ವರ್ಷ ನಮ್ಮ ಶಾಖೆಗೆ ಒಬ್ಬ ಇನ್‌ಚಾರ್ಜ್ ಬೇಕಾಗಿತ್ತು. ನಮ್ಮಿಬ್ಬರಲ್ಲಿ ಒಬ್ಬರಿಗೆ ಎಂದು ರಾಜಧಾನಿಯ ಖುರುಮ್‌ನ ಹೆಡ್ಡಾಫೀಸಿನಿಂದ ಮಾತು ಬಂದಿತ್ತು. ಇನ್‌ಚಾರ್ಜ್ ಆದರೆ ಸಂಬಳ ಏರುತ್ತದೆ, ಸಂಬಳ ಏರಿದರೆ ಫ್ಯಾಮಿಲಿ ವೀಸಾ ಸಿಗುತ್ತದೆ. ಉಡುಪಿಯವನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಮಗಳು ಫೋನಿನಲ್ಲಿ ಅವನ ಧ್ವನಿ ಕೇಳಿದರೆ ಹೆದರಿ ತಾಯಿಗೆ ಕೊಡುತ್ತಿದ್ದಳು. "ಒಂದು ಸಲ ಇಲ್ಲಿಗೆ ಬಂದ್ರೆ ಸಾಕು ಮಾರಾಯ್ರೆ, ವಾರದಲ್ಲಿ ಸರಿಯಾಗ್ತಾಳೆ," ಎನ್ನುತ್ತಿದ್ದ. ಹಿಂದಿನ ಬೀದಿಯಲ್ಲಿ ಒಂದು ಮನೆ ಕೂಡ ನೋಡಿಟ್ಟಿದ್ದ. ನನಗೆ ಫ್ಯಾಮಿಲಿ ವೀಸಾ ಬೇಕಿರಲಿಲ್ಲ. ನನ್ನ ಹೆಂಡತಿ ಮೈಸೂರು ಬಿಟ್ಟು ಶ್ರೀರಂಗಪಟ್ಟಣಕ್ಕೂ ಬರುವವಳಲ್ಲ. ನನಗೆ ಬೇಕಾಗಿದ್ದದ್ದು ಇನ್‌ಚಾರ್ಜಿನ ತಿರುಗುವ ಕುರ್ಚಿ. ನಗುವವರು ನಗಬಹುದು.

ನವೆಂಬರಿನಲ್ಲಿ ಅಲ್ಲಿ ರಾಷ್ಟ್ರೀಯ ದಿನ. ಬೀದಿ ತುಂಬ ದೀಪ, ಅಂಗಡಿ ಅಂಗಡಿಗೂ ಸುಲ್ತಾನರ ಭಾವಚಿತ್ರ, ಕಾರುಗಳ ಮೇಲೆಲ್ಲ ಸ್ಟಿಕ್ಕರು. ಒಮಾನಿಗಳು ಸಂತೋಷಕ್ಕೆ ಮಾಡುತ್ತಿದ್ದರು. ತಮ್ಮ ಚಿಕ್ಕಂದಿನಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಏನೂ ಇರಲಿಲ್ಲ, ಇವರು ಬಂದಮೇಲೆ ಬಂತು ಎಂದು ಮುದುಕರು ಹೇಳುತ್ತಿದ್ದರು. ಅವರ ಪ್ರೀತಿಗೆ ಒಂದು ಕಾರಣವಿತ್ತು. ನಮ್ಮಂಥ ಹೊರಗಿನವರ ಪ್ರೀತಿ ಒಮಾನಿಗಳದಕ್ಕಿಂತ ದೊಡ್ಡದು. ಎದುರಿನ ಪೈಪಿನ ಅಂಗಡಿಯ ಮಲಯಾಳಿ ಬಾಗಿಲಿನಷ್ಟು ಎತ್ತರದ ಚಿತ್ರ ತೂಗುಹಾಕಿದ. ನಾನು ಬಾಗಿಲಿಗಿಂತ ಎತ್ತರದ್ದು ತರಿಸಿದೆ. ಅವನು ಸುತ್ತ ದೀಪ ಹಾಕಿದ. ನಾನು ಮಿನುಗುವ ದೀಪ ಹಾಕಿದೆ. ಸಾಲದ್ದಕ್ಕೆ ಕಂಪನಿಯ ಪಿಕಪ್ಪಿನ ಹಿಂಬದಿ ಗಾಜು ಪೂರ್ತಿ ಮುಚ್ಚುವಂಥ ಒಂದು ಸ್ಟಿಕ್ಕರು ಅಂಟಿಸಿದೆ.

"ಹಿಂದೆ ಎಂತದೂ ಕಾಣುದಿಲ್ಲ ಮಾರಾಯ್ರೆ," ಎಂದ ಉಡುಪಿಯವನು, ಡ್ರೈವರ್ ಸೀಟಿನಲ್ಲಿ ಕೂತು ಕತ್ತು ತಿರುಗಿಸಿ.

"ಹಿಂದೆ ನೋಡೋ ಕೆಲಸ ಏನಪ್ಪಾ? ಮುಂದೆ ನೋಡ್ಕೊಂಡು ಹೋಗು."

"ರಿವರ್ಸ್ ತೆಗೀಲಿಕ್ಕೆ ಉಂಟಲ್ಲ? ಸುಲ್ತಾನರು ದಾರಿ ತೋರಿಸ್ತಾರಾ?"

ಅದೇ ವಾರ ಖುರುಮ್‌ನಿಂದ ಮ್ಯಾನೇಜರು ಬಂದರು. ಬೆಂಗಳೂರಿನವರು, ಎಂಜಿನಿಯರು. ನಮ್ಮ ಮಿನುಗುವ ದೀಪ ನೋಡಿ ತಲೆದೂಗಿದರು. ಮಧ್ಯಾಹ್ನ ನಮ್ಮ ಕೋಣೆಯಲ್ಲೇ ಊಟಕ್ಕೆ ಕೂತಾಗ ದೇಶದ ವಿಚಾರ ಬಂತು.

"ನಮ್ಮಲ್ಲೂ ಇಂಥೋರೊಬ್ರು ಬೇಕು ಕಣ್ರೀ. ರೋಡ್ ನೋಡಿ, ಕ್ಲೀನ್! ಎಲೆಕ್ಷನ್ ಇಲ್ಲ, ಬಂದ್ ಇಲ್ಲ, ಸ್ಟ್ರೈಕ್ ಇಲ್ಲ. ಡೆಮಾಕ್ರಸಿ ನಮ್ಮ ಜನಕ್ಕೆ ಆಗ್ಬರಲ್ಲ."

ನಾನು "ಹೌದು ಸಾರ್" ಎಂದೆ. ಅವರು ಇನ್ನೂ ಮಾತು ಮುಗಿಸಿರಲಿಲ್ಲ.

"ಕಳೆದ ಎಲೆಕ್ಷನ್ನಿಗೆ ನೀವು ಓಟು ಹಾಕಿದ್ದೀರಾ ಸಾರ್?" ಉಡುಪಿಯವನು ಮೀನಿನ ಮುಳ್ಳು ಬಿಡಿಸುತ್ತ ಕೇಳಿದ.

"ನಾನಾ? ನಾನು ಇಲ್ಲಿದ್ದೆನಲ್ಲಯ್ಯ."

"ಅಲ್ಲ, ಅದರ ಮುಂಚೆ ಬೆಂಗಳೂರಲ್ಲಿ ಇರುವಾಗ?"

"ಆವಾಗ... ಅವತ್ತು ರಜೆ ಇತ್ತು, ನಂದಿ ಬೆಟ್ಟಕ್ಕೆ ಹೋಗಿದ್ವಿ."

"ಅದೇ ನೋಡಿ ಸಾರ್. ಓಟಿನ ದಿನ ಬೆಟ್ಟ ಹತ್ತಿದವರಿಗೇ ರಾಜ ಬೇಕಾಗುದು. ಇವರು ಒಳ್ಳೆಯವರು, ಇವರ ಜನ ಇವರನ್ನು ಇಟ್ಟುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದ್ರೆ ನಮ್ಮಲ್ಲಿ ಒಬ್ಬನನ್ನು ಕೂರಿಸಿ, ಅವ ಸರಿ ಇಲ್ಲದಿದ್ರೆ ಎಂತ ಮಾಡುದು? ಅಂಗಡಿಗೆ ವಾಪಸು ಕೊಡ್ಲಿಕ್ಕೆ ಆಗ್ತದಾ, ರಸೀದಿ ಉಂಟಾ?"

ಮ್ಯಾನೇಜರು ಜೋರಾಗಿ ನಕ್ಕರು. ನಾನೂ ನಕ್ಕೆ. ಆದರೆ ಹೋಗುವಾಗ ಅವರು ಕೈಕುಲುಕಿದ್ದು ಅವನ ಜೊತೆ. "ಚುರುಕಾಗಿದ್ದಾನೆ ಕಣ್ರೀ ನಿಮ್ಮ ಹುಡುಗ," ಎಂದು ನನಗೆ ಹೇಳಿ ಕಾರು ಹತ್ತಿದರು. ತಿರುಗುವ ಕುರ್ಚಿ ನನ್ನಿಂದ ಮುಖ ತಿರುಗಿಸಿ ಕೂತಂತಾಯಿತು.

ಹಬ್ಬ ಮುಗಿಯಿತು. ದೀಪ ಬಿಚ್ಚಿದೆವು. ಆಗ ಯಾರೂ ಮೊದಲು ಯೋಚಿಸಿರದ ಪ್ರಶ್ನೆ ಎದ್ದಿತು: ಅಂಟಿಸಿದ್ದನ್ನು ಕೀಳುವವರು ಯಾರು? ದೊರೆಯ ಮುಖ ಅಂಟಿಸಲು ಪೈಪೋಟಿ ಇತ್ತು. ಕೀಳಲು ಬೀದಿಯಲ್ಲಿ ಒಬ್ಬ ಪರದೇಶಿಗೂ ಧೈರ್ಯವಿರಲಿಲ್ಲ. ಯಾರಾದರೂ ನೋಡಿದರೆ? ಏನಾದರೂ ಅಂದುಕೊಂಡರೆ? ಎದುರಿನ ಮಲಯಾಳಿ ಒಂದು ಉಪಾಯ ಕಂಡುಕೊಂಡಿದ್ದ: ಹಳೆಯದರ ಮೇಲೇ ಪ್ರತಿ ವರ್ಷ ಹೊಸದು. ಅವನ ವ್ಯಾನಿನ ಬಾಗಿಲು ರಟ್ಟಿನಂತೆ ದಪ್ಪಗಾಗಿತ್ತು. ನಮ್ಮ ಪಿಕಪ್ಪಿನದು ಬಿಸಿಲಿಗೆ ನೀಲಿಗಟ್ಟಿತು, ಅಂಚು ಎದ್ದಿತು, ಒಂದು ಕಡೆಯ ಕೆನ್ನೆ ಜೋತುಬಿತ್ತು. ನಾನು ಪ್ರತಿ ಬೆಳಿಗ್ಗೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದೆ. ಸಂಜೆಗೆ ಅದು ಮತ್ತೆ ಜೋತುಬೀಳುತ್ತಿತ್ತು. ಅಪ್ಪ ಇದ್ದಿದ್ದರೆ ಅವರೂ ಹೀಗೇ ಒತ್ತುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಕೆಳಗೆ ಇಳಿದು ನೋಡುತ್ತೇನೆ, ಉಡುಪಿಯವನು ಪಿಕಪ್ಪು ತೊಳೆಯುತ್ತಿದ್ದ. ಕೈಯಲ್ಲಿ ಗೋಡೆ ಕೆರೆಯುವ ಪುಟ್ಟಿ ಬ್ಲೇಡು, ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು. ಗಾಜು ಅರ್ಧ ಬೋಳಾಗಿತ್ತು.

"ಏನೋ ಮಾಡ್ತಿದ್ದೀಯ!"

"ನಿನ್ನೆ ರಿವರ್ಸಿನಲ್ಲಿ ಒಂದು ಆಡು ಸ್ವಲ್ಪದರಲ್ಲಿ ಉಳೀತು ಮಾರಾಯ್ರೆ. ಇವತ್ತು ಆಡು, ನಾಳೆ ಯಾರ್ದೋ ಮಗು. ಖಲಾಸ್, ಇನ್ನು ಆಗುದಿಲ್ಲ. ಮತ್ತೆ ನೋಡಿ, ಇಷ್ಟು ದೊಡ್ಡ ಮನುಷ್ಯರ ಮುಖ ಹೀಗೆ ಹರಿದು ನೇತಾಡ್ಲಿಕ್ಕೆ ಬಿಡುದು ಮರ್ಯಾದೆಯಾ?"

ಕೆರೆದ ಚೂರುಗಳನ್ನೆಲ್ಲ ಒಂದು ಕಾಗದದಲ್ಲಿ ಸುತ್ತಿ ಬದಿಗಿಟ್ಟಿದ್ದ, ಯಾರೂ ತುಳಿಯದಂತೆ. ಅದನ್ನು ನಾನು ನೋಡಿದ್ದೆ. ಚೆನ್ನಾಗಿ ನೋಡಿದ್ದೆ.

ಮರುದಿನ ಖುರುಮ್‌ಗೆ ಫೋನು ಮಾಡಿದೆ. "ಸಾರ್, ನಾನು ಹೇಳಬಾರದು. ಆದರೆ ಕಂಪನಿಗೆ ತೊಂದರೆ ಆಗಬಾರದಲ್ಲ ಅಂತ..." ಎಂದು ಶುರುಮಾಡಿದೆ. ಸುಲ್ತಾನರ ಮುಖವನ್ನು ಬ್ಲೇಡಿನಿಂದ ಕೆರೆದ, ರಸ್ತೆಯಲ್ಲೇ, ಹಗಲಿನಲ್ಲೇ ಎಂದೆ. ಆಡಿನ ಸುದ್ದಿ ಹೇಳಲಿಲ್ಲ. ಕಾಗದದಲ್ಲಿ ಸುತ್ತಿಟ್ಟದ್ದೂ ಹೇಳಲಿಲ್ಲ. ಒಂದು ಸುಳ್ಳು ಮಾತಿಲ್ಲದೆ ಇಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ಅಂದೇ ಗೊತ್ತಾಯಿತು.

ಓದಿದ ಎಂಜಿನಿಯರು ನನಗಿಂತ ಹೆಚ್ಚು ಹೆದರಿದರು. "ಯಾರಾದ್ರೂ ನೋಡಿದ್ರೇನ್ರೀ?" ಎಂದು ಮೂರು ಸಲ ಕೇಳಿದರು. ಆ ವಾರದಲ್ಲೇ ಉಡುಪಿಯವನಿಗೆ ದೂರದ ಗಡಿಯೂರು ಬುರೈಮಿಯ ಶಾಖೆಗೆ ವರ್ಗ, ಅದೇ ಸಂಬಳಕ್ಕೆ. ಕಾರಣ ಬಾಯಿಮಾತಿನಲ್ಲಿ ಹೇಳಿದರಂತೆ. ನನಗೆ ಕುರ್ಚಿ. ಹೊರಡುವ ದಿನ ಅವನು ತನ್ನ ಬಾಣಲೆ ನನಗೇ ಬಿಟ್ಟು ಹೋದ. "ಹುಳಿ ಮಾಡಿ, ಮೀನಿನ ವಾಸನೆ ಬಂದ್ರೆ ನನ್ನ ನೆನಪು ಮಾಡಿ," ಎಂದ. ಹಿಂದಿನ ಬೀದಿಯ ಮನೆಗೆ ಬೇರೆ ಯಾರೋ ಬಂದರು.

ಮುಂದಿನ ವರ್ಷದ ಹಬ್ಬಕ್ಕೆ ಸ್ವಲ್ಪ ಮೊದಲು ನಮ್ಮ ಅರ್ಬಾಬ್ ಅಂಗಡಿಗೆ ಬಂದರು. ಅವರು ಅಂಗಡಿಯ ಒಡೆಯರು, ನಮ್ಮೆಲ್ಲರ ವೀಸಾಕ್ಕೆ ಹೊಣೆಯಾದ ಕಫೀಲ್. ಇಬ್ರಾದ ಮುದುಕರು. ನಾನು ಎದ್ದು, ಎದೆಯ ಮೇಲೆ ಕೈಯಿಟ್ಟು, ಬಾಗಿ ನಿಂತೆ.

"ಗೋಡೆ ಕೆರೆಯುವ ಬ್ಲೇಡು ಕೊಡು," ಎಂದರು ತಮ್ಮ ಮುರುಕು ಹಿಂದಿಯಲ್ಲಿ.

ಅದೇ ಪುಟ್ಟಿ ಬ್ಲೇಡು ಕೊಟ್ಟೆ. ಮುದುಕರು ಹೊರಗೆ ಹೋಗಿ, ತೋಳು ಮಡಿಸಿ, ತಮ್ಮ ಗಾಡಿಯ ಬಾನೆಟ್ಟಿನ ಮೇಲಿದ್ದ ಹೋದ ವರ್ಷದ ಸುಲ್ತಾನರನ್ನು ಕರಕರ ಕೆರೆಯತೊಡಗಿದರು. ಬಾಯಲ್ಲಿ ಏನೋ ಹಾಡು. ಎದುರಿನ ಮಲಯಾಳಿ ತನ್ನ ಅಂಗಡಿಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದ. ನನ್ನ ಮುಖ ಹೇಗಿತ್ತೋ, ಮುದುಕರು ಕೆರೆಯುವುದು ನಿಲ್ಲಿಸಿ ನನ್ನನ್ನೇ ನೋಡಿದರು.

"ಏನಾಯ್ತು? ಹಳೇದು ಹರಿದಿದೆ. ಹರಿದ ಮುಖ ಇಟ್ಟುಕೊಳ್ಳೋದು ಐಬ್, ನಾಚಿಕೆಗೇಡು. ತೆಗೆದು ತೊಳೆದು ಹೊಸದು ಹಾಕಬೇಕು." ಮತ್ತೆ ಎರಡು ಎಳೆತ ಎಳೆದು ಕೇಳಿದರು: "ಕೌಂಟರಿನ ಆ ಹುಡುಗ ಎಲ್ಲಿ? ಗಾಡಿ ತೊಳೆಯೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಳ್ಳೆಯವನು. ಯಾಕೆ ಹೋದ?"

ಆ ಒಂದು ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟಿದ್ದರೆ ಸಾಕಿತ್ತು. ಕಫೀಲ್ ಒಂದು ಮಾತು ಹೇಳಿದರೆ ಮ್ಯಾನೇಜರು ಅವನನ್ನು ಮರುದಿನವೇ ವಾಪಸು ಕರೆಸುತ್ತಿದ್ದರು. ನಾನು ಇನ್ನಷ್ಟು ಬಾಗಿದೆ. "ಅವನೇ ಕೇಳಿಕೊಂಡು ಹೋದ, ಅರ್ಬಾಬ್. ಬುರೈಮಿ ಅವನಿಗೆ ಇಷ್ಟ," ಎಂದೆ. ಮುದುಕರು "ಹಾಂ" ಎಂದು ಬ್ಲೇಡನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿತ್ತರು. ಬಾಗಿದವನ ಮುಖ ಎದುರಿನವರಿಗೆ ಕಾಣುವುದಿಲ್ಲ. ಬಾಗುವುದರಲ್ಲಿ ಇರುವ ದೊಡ್ಡ ಅನುಕೂಲ ಅದೇ.

ಆಮೇಲೆ ಒಂದೆರಡು ವರ್ಷ ಕಳೆದು ಸಾಮಾನಿನ ಲೆಕ್ಕ ನೋಡಲು ಬುರೈಮಿಗೆ ಹೋದೆ. ಅವನು ಓಡಿಬಂದು ಕೈಹಿಡಿದುಕೊಂಡ. ಚಹಾ ತರಿಸಿದ. ಅವನ ಕೌಂಟರಿನ ಮೇಲೆ ಸುಲ್ತಾನರ ಚಿತ್ರ ನೆಟ್ಟಗೆ ತೂಗುತ್ತಿತ್ತು. ಒಬ್ಬ ಒಮಾನಿ ಗಿರಾಕಿ ಒಳಗೆ ಬಂದ. ಉಡುಪಿಯವನು ತಟಕ್ಕನೆ ಎದ್ದು, ಎದೆಗೆ ಕೈಯಿಟ್ಟು, ಬಾಗಿದ. ಥೇಟು ನನ್ನಂತೆ. ಗಿರಾಕಿ ಅವನ ಕಡೆ ನೋಡಲೂ ಇಲ್ಲ, ಎರಡು ನಲ್ಲಿ ಕೊಂಡು ಹೋದ.

"ಎಲೆಕ್ಷನ್ನು, ರಾಜ, ಎಲ್ಲ ಬಿಟ್ಟೆಯೇನಪ್ಪಾ?" ಎಂದು ತಮಾಷೆ ಮಾಡಲು ನೋಡಿದೆ.

"ಬಾಯಿ ಮುಚ್ಚಿಕೊಂಡೇ ಇರ್ತೇನೆ ಮಾರಾಯ್ರೆ. ಒಂದು ಸ್ಟಿಕ್ಕರಿಗೆ ಇಲ್ಲಿ ಬಂದು ಬಿದ್ದೆ, ಇನ್ನೊಂದಕ್ಕೆ ಎಲ್ಲಿಗೋ." ಚಹಾ ಊದಿ ಕುಡಿದ. "ಯಾರೋ ಮ್ಯಾನೇಜರಿಗೆ ಹೇಳಿದ್ರಂತೆ. ಆ ಎದುರಿನ ಪೈಪಿನವನೇ ಇರ್ಬೇಕು, ಅಲ್ವಾ?"

"ಇರಬಹುದು," ಎಂದೆ.

"ಮಗಳನ್ನು ಊರಲ್ಲೇ ಶಾಲೆಗೆ ಹಾಕಿಯಾಯ್ತು. ಹೆಂಡತಿ ಈಗ ವೀಸಾದ ಮಾತೇ ಎತ್ತುದಿಲ್ಲ. ಮಗಳು ಫೋನಿನಲ್ಲಿ ಹಲೋ ಅಂತಾಳೆ, ಇಂಗ್ಲಿಷಿನಲ್ಲಿ ಹೌ ಆರ್ ಯು ಕೇಳ್ತಾಳೆ. ಗಿರಾಕಿಯನ್ನು ಮಾತಾಡಿಸಿದ ಹಾಗೆ."

ನನ್ನನ್ನು ಬಸ್ಸಿಗೆ ಬಿಡಲು ಅಲ್ಲಿನ ಪಿಕಪ್ಪು ತೆಗೆದ. ಹಿಂಬದಿ ಗಾಜಿನ ಮೇಲೆ ಸುಲ್ತಾನರು, ಒಬ್ಬರ ಮೇಲೊಬ್ಬರು, ಬೆರಳು ದಪ್ಪ. ಕೆಳಗಿನ ವರ್ಷಗಳ ಬಣ್ಣ ಅಂಚಿನಲ್ಲಿ ಪದರಪದರವಾಗಿ ಇಣುಕುತ್ತಿತ್ತು.

"ಕೆರೆದು ತೆಗೀಬಾರದೇನಪ್ಪಾ? ಒಮಾನಿಗಳೇ ತೆಗೀತಾರೆ, ಯಾರೂ ಏನೂ ಅನ್ನಲ್ಲ. ಹರಿದದ್ದು ಇಟ್ಕೊಂಡ್ರೇ ತಪ್ಪು ಅಂತೆ," ಎಂದೆ. ನಾನು ಅವನಿಗೆ ಹೇಳಿದ ಒಂದೇ ನಿಜ ಅದು, ಅದೂ ಅರ್ಧ.

"ಬೇಡ ಮಾರಾಯ್ರೆ, ನೀವು ಸುಮ್ಮನಿರಿ. ಸ್ವಲ್ಪ ಇಳಿದು ಹಿಂದೆ ನಿಂತು ಹೇಳಿ, ರಿವರ್ಸ್ ತೆಗೀತೇನೆ. ನೀವು ಹೇಳಿದ ಹಾಗೆ ಬರ್ತೇನೆ."

ಇಳಿದು ಪಿಕಪ್ಪಿನ ಹಿಂದೆ ನಿಂತೆ. "ಬಾ, ಬಾ" ಎಂದೆ. ದೊರೆಯ ಮುಖ ನನ್ನ ಕಡೆಗೆ ಹಿಂದೆ ಹಿಂದೆ ಬರತೊಡಗಿತು. ಗಾಜಿನಾಚೆ ಅವನಿಗೆ ನಾನು ಕಾಣುತ್ತಿರಲಿಲ್ಲ, ಕೇಳುತ್ತಿದ್ದದ್ದು ನನ್ನ ಧ್ವನಿ ಮಾತ್ರ. ಅದನ್ನೇ ನಂಬಿ ಬರುತ್ತಿದ್ದ. ಮ್ಯಾನೇಜರಿಗೆ ಹೇಳಿದ್ದು ನಾನು, ಪೈಪಿನವನಲ್ಲ ಎಂದು ಅಷ್ಟು ಹೊತ್ತಿನಲ್ಲಿ ಕೂಗಿಬಿಡಬಹುದಿತ್ತು. ಮುಖ ನೋಡುವ ಕಷ್ಟವೂ ಇರಲಿಲ್ಲ.

"ಸಾಕು, ಸಾಕು, ನಿಲ್ಲಿಸು," ಎಂದಷ್ಟೇ ಕೂಗಿದೆ. ಅವನು ನಿಲ್ಲಿಸಿದ. ನಾನು ಮುಂದೆ ಹೋಗಿ ಅವನ ಪಕ್ಕದಲ್ಲಿ ಕೂತೆ.