ತಂಗಮ್ಮನ ನಾಲಗೆ, ಅಣ್ಣನ ಕಾಚಂಪುಳಿ

ನನ್ನ ಹೆಂಡತಿ ತಂಗಮ್ಮನಿಗೆ ಅಡುಗೆಯಲ್ಲಿ ಅಳತೆ ಚಮಚವೆಂದರೆ ಅವಮಾನ. ಅಂಗೈಗೆ ಒಂದು ತೊಟ್ಟು ಹಾಕಿ ನೆಕ್ಕುವುದೇ ಅವಳ ಅಳತೆ. ನಾನು ಸೇನೆಯಿಂದ ನಿವೃತ್ತನಾಗಿ ದೆಹಲಿಯ ಪೀತಂಪುರದಲ್ಲಿ ನೆಲೆಸಿದ ಮೇಲೂ, ವಿರಾಜಪೇಟೆಯಿಂದ ಅವಳ ಅಣ್ಣ ಪೊನ್ನಣ್ಣ ಹುಳಿಹಣ್ಣಿನ ರಸವನ್ನು ತಾವೇ ಕಾಯಿಸಿ ಗಟ್ಟಿ ಮಾಡಿದ ಕಾಚಂಪುಳಿಯನ್ನು ವರ್ಷಕ್ಕೊಂದು ಬಾಟಲಿ ಕಳಿಸುತ್ತಿದ್ದರು. ಆ ಕಪ್ಪು ಹುಳಿ ಬೀಳದೆ ನಮ್ಮ ಮನೆಯಲ್ಲಿ ಹಂದಿ ಕರಿ ಒಲೆಯಿಂದ ಇಳಿಯುವುದಿಲ್ಲ.

ಕಳೆದ ಮಾರ್ಚಿನಲ್ಲಿ ಅವಳಿಗೆ ಅದರಲ್ಲಿ ಹುಳಿಯೇ ಸಿಗಲಿಲ್ಲ. ಇನ್ನಷ್ಟು ಸುರಿದಳು, ಮತ್ತಷ್ಟು ಸುರಿದಳು. ತಿಂದ ನನ್ನ ಹಲ್ಲು ಜುಮ್ಮೆಂದಿತು.

"ಹುಳಿ ಜಾಸ್ತಿಯಾಯ್ತು ಮಾರಾಯ್ತಿ" ಎಂದೆ.

"ಮೆಸ್ಸಿನಲ್ಲಿ ತಿಂದ ನಾಲಗೆ ನಿಮ್ಮದು, ನಿಮಗೇನು ಗೊತ್ತು?" ಎಂದಳು.

ಅಷ್ಟಕ್ಕೇ ಬಿಟ್ಟಳೇ? ಕುಟುಂಬದವರೆಲ್ಲ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಅಣ್ಣನಿಗೆ ಬರೆದಳು: "ಈ ಸಲ ನೀರು ಬೆರೆಸಿದ್ದೀಯ."

ಪೊನ್ನಣ್ಣ ಗುಂಪು ಬಿಟ್ಟರು. ಮಾತೂ ಬಿಟ್ಟರು.

ಉಳಿದ ಕಾಚಂಪುಳಿಯಿಂದ ಇವಳು ಹಿತ್ತಾಳೆ ದೀಪ ತಿಕ್ಕಿದಳು. ದೀಪ ಫಳಫಳ ಹೊಳೆಯಿತು. ಬರೀ ನೀರಿಗೆ ಹಿತ್ತಾಳೆ ಹೀಗೆ ಹೊಳೆಯುತ್ತದೆಯೇ ಎಂದು ಕೇಳಿದೆ. ಗೋಡೆಗಾದರೂ ಹೇಳಬಹುದಿತ್ತು. ಮೇ ತಿಂಗಳ ದೆಹಲಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತವಳನ್ನು ಕೊನೆಗೆ ಡಾಕ್ಟರ ಬಳಿಗೆ ಎಳೆದುಕೊಂಡೇ ಹೋದೆ.

ಡಾಕ್ಟರ್ ವೈಜಯಂತಿ ಧಾರವಾಡದವರು. ರಕ್ತಪರೀಕ್ಷೆಯ ವರದಿ ನೋಡಿ ಹೇಳಿದರು: "ಥೈರಾಯ್ಡ್ ಹಾರ್ಮೋನು ತುಂಬಾ ಕಡಿಮೆಯಾಗಿದೆ. ರಕ್ತದಲ್ಲಿ ಓಡಾಡೋ ದೂತ ಅದು. ಅದು ಕೈಕೊಟ್ಟರೆ ನಾಲಗೆಯಿಂದ ನರಗಳು ಮಿದುಳಿಗೆ ಕಳಿಸೋ ರುಚಿಯ ಸುದ್ದಿಯೂ ಮಂಕಾಗಬಹುದು. ಈ ಚಳಿಯೂ ಅದರದ್ದೇ. ಮಾತ್ರೆ ತಗೊಳ್ಳಿ, ನಿಧಾನಕ್ಕೆ ಸರಿಹೋಗುತ್ತೆ."

"ಹಾಗಾದರೆ ಅಣ್ಣ..." ಎಂದು ತಂಗಮ್ಮ ಅರ್ಧಕ್ಕೇ ನಿಲ್ಲಿಸಿದಳು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು.

ಫೋನ್ ಮಾಡು ಎಂದರೆ, "ಮೊದಲು ರುಚಿ ಬರಲಿ" ಎನ್ನುವಳು. ಮೂರು ತಿಂಗಳು ಇದೇ ರಾಗ.

ಆಗಸ್ಟಿನ ಒಂದು ಬೆಳಿಗ್ಗೆ, ಎತ್ತಿಟ್ಟಿದ್ದ ಖಾಲಿ ಬಾಟಲಿಯ ಮುಚ್ಚಳದೊಳಗೆ ಅಂಟಿದ್ದ ಕಪ್ಪನ್ನು ಬೆರಳಿನಿಂದ ಕೆರೆದು ನೆಕ್ಕಿದಳು. ಹುಳಿಗೆ ಮುಖ ಕಿವುಚಿಕೊಂಡಳು, ಕಣ್ಣಲ್ಲಿ ನೀರು ಬಂತು. ಕೂಡಲೇ ಫೋನ್ ಹಚ್ಚಿದಳು.

"ಅಣ್ಣ, ಅದರಲ್ಲಿ ನೀರಿರಲಿಲ್ಲ. ನನ್ನ ನಾಲಗೆಯೇ ಕೆಟ್ಟಿತ್ತು."

ಸ್ಪೀಕರಿನಲ್ಲಿ ಪೊನ್ನಣ್ಣನ ದನಿ ಬಂತು.

"ನೀನು ಬರೆದ ಮೇಲೆ ನಾನೂ ರುಚಿ ನೋಡಿದೆ ತಂಗಮ್ಮ. ನನಗೂ ಹುಳಿ ಸಿಗಲಿಲ್ಲ. ನಾಚಿಕೆಯಾಗಿ ಈ ವರ್ಷ ಕಾಯಿಸಲೇ ಇಲ್ಲ."

ನಾನು ಫೋನ್ ಕಿತ್ತುಕೊಂಡೆ. "ಭಾವ, ಒಲೆ ಮುಂದೆ ಕೂತರೂ ನಿಮಗೆ ಚಳಿಯಾಗುತ್ತದಾ?"

"ಹೌದು ಕಾವೇರಪ್ಪ. ನಿನಗೆ ಯಾರು ಹೇಳಿದರು?"