ಎರಡು ಚೈನು, ಒಂದೇ ಚಕ್ರ

ಜಂಗಮಕೋಟೆ ರಸ್ತೆಯಲ್ಲಿ ಸೈಕಲ್ಲಿನ ಚೈನು ಮತ್ತೆ ಕಳಚಿಕೊಂಡಾಗ ಅಶ್ವತ್ಥಮ್ಮ ಬೈದ ಬೈಗುಳಕ್ಕೆ ಪಕ್ಕದ ದ್ರಾಕ್ಷಿ ತೋಟದ ನಾಯಿ ಬೊಗಳುವುದನ್ನೇ ನಿಲ್ಲಿಸಿತು. ಕ್ಯಾರಿಯರ್ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಮೇಲೂರಿನ ಮನೆಯಲ್ಲಿ ಪೊರೆ ಕಳಚುವ ನಾಲ್ಕನೇ ‘ಜ್ವರ’ ಬಿಟ್ಟು ಎದ್ದ ರೇಷ್ಮೆಹುಳುಗಳು ತಲೆಯೆತ್ತಿಕೊಂಡು ಕಾಯುತ್ತಿವೆ. ಈಗ ಒಂದು ಹೊತ್ತು ಮೇವು ತಪ್ಪಿದರೂ ಗೂಡು ತೆಳ್ಳಗಾಗುತ್ತದೆ. ಸೊಪ್ಪು ಬಾಡಿದರೆ ಹುಳು ಬಾಯಿಯೇ ಹಾಕುವುದಿಲ್ಲ. ಬಿಸಿಲು ನೋಡಿದರೆ ನೆತ್ತಿ ಸುಡುತ್ತಿದೆ.

ಅಶ್ವತ್ಥಮ್ಮನಿಗೆ ಕೋಪ ಹೊಸದಲ್ಲ. ಕುಕ್ಕರ್ ತಡವಾಗಿ ಕೂಗಿದರೂ ಅದಕ್ಕೆ ಬೈಯುವ ಹೆಂಗಸು. ಗಂಡ ನಲ್ಲಪ್ಪನ ಹಳೇ ಸೈಕಲ್ಲಿಗೆ ಅವಳ ತಮ್ಮನ ಮಗ ಅಂಬರೀಶ್ ಇಂಜಿನ್ ಕೂರಿಸಿಕೊಟ್ಟಾಗ ಊರೆಲ್ಲ ನಕ್ಕಿತ್ತು. ಈಕೆ ಸೆರಗು ಸಿಕ್ಕಿಸಿ ಹತ್ತಿದಳು, ತಿಪ್ಪೆಗೆ ಹೋಗಿ ಬಿದ್ದಳು, ತಿಪ್ಪೆಗೂ ಬೈದು ಮತ್ತೆ ಹತ್ತಿದಳು. ಅಂದಿನಿಂದ ಸೊಪ್ಪು ತರುವುದು ಅವಳದೇ ಕೆಲಸ.

ಆ ಸೈಕಲ್ಲಿಗೆ ಎರಡು ಚೈನು. ಬಲಗಡೆ ತುಳಿಯುವ ಹಳೇ ಚೈನು, ಎಡಗಡೆ ಇಂಜಿನ್ನಿನದು. ನಲ್ಲಪ್ಪ ಇಂಜಿನ್ನು ಮುಟ್ಟುವವನಲ್ಲ. "ನನ್ ಕಾಲು ಇನ್ನೂ ಸತ್ತಿಲ್ಲ" ಎಂದು ಬೆಳಿಗ್ಗೆ ಅದೇ ಸೈಕಲ್ಲನ್ನು ತುಳಿದುಕೊಂಡೇ ಡೈರಿಗೆ ಹಾಲು ಒಯ್ಯುತ್ತಾನೆ.

ಅಶ್ವತ್ಥಮ್ಮ ಹೊರೆಯ ಸಮೇತ ಸೈಕಲ್ ತಳ್ಳಿಕೊಂಡು ಮೆಕ್ಯಾನಿಕ್ ದಸ್ತಗಿರ್ ಅಂಗಡಿಗೆ ಬಂದಳು.

"ಸಾಬ್ರೇ! ನಿನ್ನೆ ತಾನೆ ನೆಟ್ಟಗೆ ಮಾಡ್ಕೊಟ್ರಿ. ಎಲ್ಲೈತೆ ನೆಟ್ಟಗೆ? ಮೊದ್ಲು ನಿಮ್ ಕಣ್ಣು ನೆಟ್ಟಗೈತಾ?"

"ಯಾಕಕ್ಕಾ ಹಂಗೆ ಮೈಮೇಲೆ ಬರ್ತೀರ? ಇಲ್ಲಿಂದ ಹೋಗ್ವಾಗ ಸರಿಯಾಗೇ ಇತ್ತು."

ದಸ್ತಗಿರ್ ಸೈಕಲ್ಲಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ಟೈರು ಬಲಗಡೆಯ ಫ್ರೇಮಿಗೆ ಉಜ್ಜುತ್ತಿತ್ತು. ಹಲ್ಲಿನ ಚಕ್ರ ಓರೆಯಾಗಿ ಇಂಜಿನ್ ಚೈನು ಜಾರುತ್ತಿತ್ತು.

"ಬಲಗಡೆ ನಟ್ಟು ಸಡಿಲಿಸಿ, ಚಕ್ರನ ಆ ಕಡೆಯಿಂದ ಹಿಂದಕ್ಕೆ ಎಳ್ದು ಬಿಗಿ ಮಾಡವ್ರೆ ಅಕ್ಕಾ. ಸೊಟ್ಟ ಆಗೋಗೈತೆ. ಯಾರದು?"

ಪಕ್ಕದ ಟೀ ಅಂಗಡಿಯಲ್ಲಿ ಕೂತಿದ್ದ ನಲ್ಲಪ್ಪ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡತೊಡಗಿದ.

"ಏನಯ್ಯಾ! ನೀನಾ?"

"ನಿನ್ ಚೈನು ನಾನ್ಯಾಕೆ ಮುಟ್ಲಿ? ನನ್ ಚೈನು ಲೂಸಾಗಿತ್ತು, ನನ್ ಕಡೆ ನಾನು ಬಿಗಿ ಮಾಡ್ಕೊಂಡೆ. ದಿನಾ ಮಾಡ್ಕೋತೀನಿ."

"ದಿನಾ!"

"ಕಡೆ ಎರಡಾದ್ರೂ ಚಕ್ರ ಒಂದೇ ಅಲ್ವಾ ಅಣ್ಣಾ?" ಎಂದ ದಸ್ತಗಿರ್.

"ಸಾಬ್ರೇ, ಅವನ ಚೈನು ಕಿತ್ತಾಕಿ."

"ಅಕ್ಕಾ, ಅದಿಲ್ದೆ..."

"ಕಿತ್ತಾಕಿ ಅಂದೆ!"

ದಸ್ತಗಿರ್ ಕಿತ್ತ. ಚಕ್ರವನ್ನು ಎರಡು ಕಡೆಯೂ ಸಮನಾಗಿ ನಿಲ್ಲಿಸಿ, ಇಂಜಿನ್ ಚೈನನ್ನು ಹಲ್ಲಿಗೆ ನೇರ ಕೂರಿಸಿ, ಎರಡೂ ನಟ್ಟು ಬಿಗಿದ. ಅಷ್ಟರಲ್ಲಿ ಅಶ್ವತ್ಥಮ್ಮ ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿದಳು. ಗ್ರೀಸು ಸುರಿಯುವ ಹಳೇ ಚೈನನ್ನು ಎತ್ತಿ ಗಂಡನ ಕೊರಳಿಗೆ ಹಾಕಿದಳು. ಬಿಳಿ ಅಂಗಿ ಕರ್ರಗಾಯಿತು.

"ತಗೋ ನಿನ್ ಚೈನು. ಹಾಕ್ಕೊಂಡು ಮೆರಿ!"

ಸೈಕಲ್ ಹತ್ತಿ ಪೆಡಲ್ ಒತ್ತಿದಳು. ಅದು ಗಿರ್ರನೆ ಸುಮ್ಮನೆ ತಿರುಗಿತು. ಮೊದಲು ತುಳಿದು ಓಡಿಸಿದರೆ ತಾನೆ ಇಂಜಿನ್ ಹತ್ತುವುದು?

"ಅದನ್ನೇ ಹೇಳಕ್ಕೆ ಬಂದೆ, ನೀವು ಬಿಡ್ಲಿಲ್ಲ" ಎಂದ ದಸ್ತಗಿರ್.

ಮೇಲಿನ ಸೊಪ್ಪಿನ ತುದಿ ಆಗಲೇ ಸೊರಗಿತ್ತು. ಅವಳು ಗಂಡನ ಕಡೆ ತಿರುಗಿದಳು.

"ತಳ್ಳು."

"ನಾನಾ? ಕೀಳಿಸ್ದೋಳು ನೀನು."

"ಹುಳು ಯಾರದಯ್ಯಾ? ಅದ್ರಲ್ಲೂ ಬಲಗಡೇದು ನಿಂದು, ಎಡಗಡೇದು ನಂದು ಅಂತ ಐತಾ? ತಳ್ಳು!"

ನಲ್ಲಪ್ಪ ಲೋಟ ಇಟ್ಟು ಎದ್ದ. ಕೊರಳಲ್ಲಿ ಚೈನು ತೂಗಾಡುತ್ತಿದ್ದಂತೆಯೇ, ಮದುವೆ ಮಾಡಿಸಿದವರನ್ನೆಲ್ಲ ಶಪಿಸುತ್ತ ಓಡಿ ಓಡಿ ತಳ್ಳಿದ. ಅವಳು ಕ್ಲಚ್ ಬಿಟ್ಟಳು. ಇಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡು ಅವನ ಮುಖಕ್ಕೆ ಹೊಗೆ ಉಗುಳಿತು. ಈ ಸಲ ಇಂಜಿನ್ ಚೈನು ಜಾರಲಿಲ್ಲ.

"ಸಂಜೆ ಇನ್ನೊಂದು ಹೊರೆ ತರ್ಬೇಕು, ಸೊಪ್ಪಿನ ತೋಟದತ್ರ ಬಂದು ನಿಂತಿರು!" ಎಂದು ಹಿಂದೆ ತಿರುಗದೆಯೇ ಕೂಗಿ ಅಶ್ವತ್ಥಮ್ಮ ಮೇಲೂರಿನ ಕಡೆ ಹೊರಟುಹೋದಳು.